ಎರಡನೇ ಟ್ರಿಪ್ಪು

ಒಂದೇ ತಿರುವಿಗೆ ಹೊತ್ತಿಕೊಳ್ಳುತ್ತದೆ ಇವತ್ತಿಗೂ.
ಮೂರು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರು ಓಡಿದ ಕೊರೊಲಾ.
ಹಿಂಬಾಗಿಲಿಗೆ ಮಾತ್ರ ಮಂಡಿ ಕೊಟ್ಟು ಒತ್ತಬೇಕು,
ಉಳಿದಂತೆ ದೂರಿಲ್ಲ.
ಜುಲೈ ತಿಂಗಳ ಮರಗಟ್ಟಿಸುವ ಬೆಳಗಿನಲ್ಲಿ
ಮಾಂಸದ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಕುರಿಕೊಬ್ಬಿನ ವಾಸನೆ ಹೊತ್ತು ಬಂದು ಕೂತರೆ
ಏನೊಂದೂ ಕೇಳದೆ ಹೊರಟುಬಿಡುವ ಗಾಡಿ.

ಐದು ಸೀಟು.
ನಾವು ನಾಲ್ವರಿದ್ದಾಗ ಒಂದು ಖಾಲಿ ಉಳಿಯುತ್ತಿತ್ತು,
ಅಲ್ಲಿ ಆಲೂಗಡ್ಡೆ ಮೂಟೆ, ಒದ್ದೆ ಟವೆಲು,
ಒಮ್ಮೆ ಪಕ್ಕದ ಮನೆಯವರ ನಾಯಿ.
ಈಗ ಆರು ಜನ.
ನೈರಿಯ ತಂಗಿ ಮಕ್ಕಳು ಏಪ್ರಿಲಿನಲ್ಲಿ ಬಂದರು,
ಒಂದು ಸೂಟ್‌ಕೇಸು, ಒಂದು ಕರಿಯ ಕಸದ ಚೀಲದ ತುಂಬ ಬಟ್ಟೆ.
ಎಷ್ಟು ದಿನಕ್ಕೆ ಅಂತ ಯಾರೂ ಕೇಳಲಿಲ್ಲ.

ಆಷ್‌ಬರ್ಟನ್ನಿನಲ್ಲಿ ನಿಂತಿದೆ ಬೆಳ್ಳಿಬಣ್ಣದ ವ್ಯಾನು,
ಹೈಬ್ರಿಡ್ಡು, ಜಪಾನಿನಿಂದ ಹಡಗೇರಿ ಬಂದದ್ದು.
ಎರಡನೇ ಕೈ ಅನ್ನುತ್ತಾರೆ, ನಾಲ್ಕನೆಯದೂ ಇರಬಹುದು.
ಎಂಟು ಸೀಟು. ತಾನಾಗಿ ಸರಿಯುವ ಬಾಗಿಲು.
ಗುಂಡಿ ಒತ್ತಿದರೆ ಸದ್ದೇ ಇಲ್ಲ,
ಹೊರಟಿತೋ ನಿಂತಿದೆಯೋ ತಿಳಿಯದೆ ಕೂತಿರುವಾಗ
ಡ್ಯಾಶ್‌ಬೋರ್ಡಿನೊಳಗಿಂದ ಒಬ್ಬ ಹೆಂಗಸು
ಬಲು ವಿನಯದಿಂದ ಜಪಾನಿಯಲ್ಲಿ ಏನೋ ಹೇಳುತ್ತಾಳೆ.
ಸ್ವಾಗತವೋ, ಎಚ್ಚರಿಕೆಯೋ.
ಮಾರುತ್ತಿರುವ ದಂತವೈದ್ಯೆಗೂ ಗೊತ್ತಿಲ್ಲ:
'ಆರು ವರ್ಷದಿಂದ ಹೇಳ್ತಾನೇ ಇದಾಳೆ, ಏನೂ ಆಗಿಲ್ಲ.'

ಬ್ಯಾಟರಿ?
ಡೂಗಲ್ ನೆಲಕ್ಕೆ ಬೆನ್ನು ಹಚ್ಚಿ ನೋಡಿದ, ಎದ್ದ,
ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.
ಎರಡು ವರ್ಷ ಬಂದೀತು. ಎರಡು ತಿಂಗಳೂ ಬಂದೀತು.
ಹೋದರೆ ನಾಲ್ಕು ಸಾವಿರ ಡಾಲರು.
ನೀರಿಗಿಳಿದ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟುವ ಕೆಲಸ,
ಕೊಂಬೆರಡೇ ಕಾಣುತ್ತವೆ.

ರಾತ್ರಿ ಕರೆಂಟು ಬಿಲ್ಲಿನ ಬೆನ್ನ ಮೇಲೆ ಕೂಡಿದೆವು, ಕಳೆದೆವು.
ಪೆಟ್ರೋಲಿನಲ್ಲಿ ಉಳಿಯುವುದು ವಾರಕ್ಕೆ ಇಪ್ಪತ್ತಾರು,
ಸಾಲದ ಕಂತಿಗೆ ಮೂವತ್ತೆಂಟು.
'ಹನ್ನೆರಡು ಕೈಬಿಡುತ್ತೆ' ಅಂದೆ.
'ಎರಡೆರಡು ಸಲ ಹೋಗಿಬರೋದು ಲೆಕ್ಕಕ್ಕೆ ಹಿಡಿದೆಯಾ?'
ಹಿಡಿದಿರಲಿಲ್ಲ. ಹಿಡಿದ ಮೇಲೂ ಆರು ಬಾಕಿ.
ಅವಳು ಪೆನ್ನಿನ ಮುಚ್ಚಳ ಕಚ್ಚಿದಳು,
ನಾನು ಮೀನಮೇಷ ಎಣಿಸಿದೆ.
ಸವಾಯಿ ದ್ವೀಪದ ನನ್ನಪ್ಪ ಹೇಳುತ್ತಿದ್ದ,
ಬಣ್ಣ ಮಾಸಿತೆಂದು ಕೈಕೊಡದ ದೋಣಿ ಮಾರಬೇಡ ಅಂತ.
ಅವನ ದೋಣಿಯಲ್ಲಿ ಹನ್ನೊಂದು ಜನ ಹಿಡಿಯುತ್ತಿದ್ದರು.
ಅದನ್ನು ನಾನು ನೈರಿಗೆ ಹೇಳಲಿಲ್ಲ.

ಬಿಲ್ಲಿನ ಮೇಲೆ ಬರೆಯದೆ ಉಳಿದದ್ದು ಇನ್ನೊಂದಿದೆ.
ಭಾನುವಾರ ತೆಮುಕಾಕ್ಕೆ, ಅತ್ತೆಯ ಮನೆ ಊಟಕ್ಕೆ.
ಮೊದಲ ಟ್ರಿಪ್ಪಿನಲ್ಲಿ ಸೆಫಿನಾ, ಮಿಕಾ, ಅನಾಹೆರಾ.
ಎರಡನೆಯದಕ್ಕೆ ನೈರಿ, ಹೇಮಿ.
ನಲವತ್ತು ನಿಮಿಷ.
ಆ ನಲವತ್ತು ನಿಮಿಷವೂ ಹೇಮಿ ಕೂರುವುದಿಲ್ಲವಂತೆ.
ಬೂಟಿನ ದಾರ ಬಿಗಿದುಕೊಂಡು,
ಕರಿಯ ಚೀಲ ಕಾಲ ಬಳಿ ಇಟ್ಟುಕೊಂಡು ಗೇಟಿನಲ್ಲಿ ನಿಲ್ಲುತ್ತಾನೆ.
'ಬರ್ತಾರೆ ಕಣೋ' ಅಂದರೆ
'ಹೂಂ' ಅನ್ನುತ್ತಾನೆ, ದೊಡ್ಡವರ ಮಾತು ಮುರಿಯಬಾರದೆಂಬಷ್ಟೇ ಹೂಂ.

ನಾನು ಕಂಡದ್ದು ಕೊನೆಯ ಅರ್ಧ ನಿಮಿಷ.
ತಿರುವು ದಾಟಿ ಕಾರು ಕಾಣುತ್ತಲೇ
ಅವನು ನನ್ನನ್ನು ನೋಡುವುದಿಲ್ಲ, ನಗುವುದಿಲ್ಲ.
ತುಟಿ ಅಲ್ಲಾಡಿಸುತ್ತ ನಂಬರ್ ಪ್ಲೇಟು ಓದುತ್ತಾನೆ,
ಮೂರು ಅಕ್ಷರ, ಮೂರು ಅಂಕಿ.
ತಾಳೆಯಾದರೆ ಚೀಲ ಎತ್ತುತ್ತಾನೆ.

ವ್ಯಾನು ಬಂದರೆ ಗೇಟಿನಲ್ಲಿ ಯಾರೂ ಕಾಯಬೇಕಿಲ್ಲ.
ವ್ಯಾನು ಬಂದರೆ ಆ ಆರು ಗುರುತುಗಳು
ಯಾರದೋ ಗುಜರಿ ಅಂಗಳಕ್ಕೆ.
ಯಾವುದನ್ನು ಯಾವುದರಿಂದ ಕಳೆಯಲಿ?

ಇವತ್ತು ಸಂಜೆಯೊಳಗೆ ಒಂದು ಮಾತು ಹೇಳಿ ಅಂದಿದ್ದಾಳೆ ದಂತವೈದ್ಯೆ.
ಮೊದಲ ಟ್ರಿಪ್ಪು ಇಳಿಸಿ ಬಂದೆ.
ಬಿಸಿಲಿತ್ತು, ಗಾಳಿಯಿತ್ತು, ಬೇಲಿಗೆ ಒಣಹಾಕಿದ ಚಾದರ ಹಾರಾಡುತ್ತಿತ್ತು.
ಹೇಮಿ ಓದಿದ. ಚೀಲ ಎತ್ತಿದ.
ಹತ್ತಿ ಕೂತು, ಬೆಲ್ಟು ಎಳೆದುಕೊಂಡು,
ಕಿಟಕಿಯಾಚೆ ನೋಡುತ್ತಲೇ ಕೇಳಿದ:
'ಆ ಇನ್ನೊಂದರ ನಂಬರೇನು?'

ನೈರಿ ನನ್ನ ಕಡೆ ನೋಡಲಿಲ್ಲ.
ಎಂಜಿನ್ನು ನಿಲ್ಲಿಸದೆ ಆಷ್‌ಬರ್ಟನ್ನಿಗೆ ಫೋನು ಹಚ್ಚಿದೆ.
ಬೆಲೆಯ ಮಾತು ಆಮೇಲೆ ಬಂತು,
ಮೊದಲು ಅದನ್ನೇ ಕೇಳಿದೆ,
ಒಂದೊಂದೇ ಅಕ್ಷರವಾಗಿ,
ಹಿಂದಿನ ಸೀಟಿಗೆ ಕೇಳಿಸುವ ಹಾಗೆ.