ಕೇಳಿಕೊಂಡು ಬರುವವ

ತಿತಿಮತಿ ರೇಂಜ್ ಆಫೀಸಿನ ಹಿಂದಿನ ಕೋಣೆ,
ಬೆಳಗಿನ ಜಾವ ನಾಲ್ಕೂಕಾಲು.
ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ತಳ ಕಂಡಿದೆ.
ಎರಡು ಸಾಲು ಕೋಡಿನಲ್ಲಿ
ಒಬ್ಬನನ್ನು ಹುಟ್ಟಿಸುತ್ತಿದ್ದೇನೆ.

ಕ್ಲೈಂಟ್ ಅಂತ ಹೆಸರು. ಕೈಕಾಲಿಲ್ಲ. ಕೆಲಸ ಒಂದೇ:
ಹೋಗು, ಕೇಳು, ಕೇಳಿದ್ದನ್ನು ಹಾಗೇ ತಂದು ಹೇಳು.
ವಿಳಾಸ ಕೊಟ್ಟೆ. ದೂರದ ಸರ್ವರ್ ಒಂದರ ಬಳಿ
ಕೊರಳಪಟ್ಟಿ ಕಟ್ಟಿದ ಏಳು ಆನೆಗಳ ಲೆಕ್ಕವಿದೆ.
ಗುರುತಿಗೆ ಟೋಕನ್ ಕೊಟ್ಟೆ, ಜೇಬಿಲ್ಲದವನು,
ಹೆಡರಿನಲ್ಲಿ ಸಿಕ್ಕಿಸಿದೆ
ತಲೆವಸ್ತ್ರದ ಮಡಿಕೆಯಲ್ಲಿ ಬೀಡಿ ಸಿಕ್ಕಿಸಿದ ಹಾಗೆ.
ಹತ್ತು ಸೆಕೆಂಡು ಬಾಗಿಲಲ್ಲಿ ನಿಲ್ಲು.
ಯಾರೂ ಓಗೊಡದಿದ್ದರೆ ವಾಪಸು ಬಾ,
ಬಂದು ‘ಉತ್ತರ ಸಿಗಲಿಲ್ಲ’ ಅನ್ನು.
‘ಆನೆ ಇಲ್ಲ’ ಅನ್ನಬೇಡ.
ಎರಡೂ ಒಂದೇ ಅಲ್ಲ.

ಅದನ್ನು ಕಲಿತದ್ದು ಕಾಫಿ ಕುಯ್ಲಿನ ಮೊದಲ ವಾರ.
ಆಗ ಒಂದೊಂದು ಪ್ರಶ್ನೆಗೂ ಹೊಸಬನನ್ನು ಹುಟ್ಟಿಸಿ
ಕಳಿಸಿ, ಮರೆಯುತ್ತಿದ್ದೆ.
ಹೋದವರೆಲ್ಲ ಹೋದ ಬಾಗಿಲು ಹಿಡಿದೇ ನಿಂತರು,
ಸಾವಿರ, ಆರು ಸಾವಿರ, ಇಪ್ಪತ್ತು ಸಾವಿರ,
ಕಡೆಗೆ ಬಾಗಿಲುಗಳೇ ಮುಗಿದುಹೋದವು.
ಆ ಬೆಳಗ್ಗೆ ಲೈನುಮನೆಯ ಯಾವ ಮೊಬೈಲೂ ಗುಂಯ್ ಅನ್ನಲಿಲ್ಲ.
ಆಳುಗಳ ಜೀಪು ಹೊರಟಿತು.
ದೇವರಪುರದ ತಿರುವಿನಲ್ಲಿ ಒಂಟಿ ಸಲಗ.
ಹಿಂದಿನಿಂದ ಹಾರಿದ ಎರವರ ಬೊಳ್ಳಿಗೆ ಮಣಿಕಟ್ಟು ಮುರಿಯಿತು.
ಮುಂದೆ ಕೂತವರಿಗೆ ಏನೂ ಆಗಲಿಲ್ಲ, ಆನೆಗೂ.

ಬ್ಯಾಂಡೇಜಿನಲ್ಲೇ ಆಫೀಸಿಗೆ ಬಂದಿದ್ದಳು.
ಬೈಯಲಿಲ್ಲ.
‘ಫೋನು ಸುಮ್ಮನಿತ್ತಲ್ಲ ದೇಚಮ್ಮಕ್ಕ,
ದಾರಿ ಖಾಲಿ ಅಂದುಕೊಂಡ್ವಿ.’

ವಾಚರ್ ಬೋಜನಿಗೆ ನನ್ನ ತಪ್ಪು ಬಿಡಿಸಿ ಹೇಳಿದೆ.
ಸಾಕೆಟ್ಟು, ಪೋರ್ಟು ಅವನಿಗೆ ಬೇಕಾಗಿರಲಿಲ್ಲ.
ಎಲೆಗೆ ಸುಣ್ಣ ಸವರುತ್ತ ಅಂದ:
‘ಕಾಡಿಗೆ ದಿನಾ ಹೊಸಬನನ್ನು ಯಾಕೆ ಅಟ್ಟುತ್ತೀರಿ ಮೇಡಂ?
ದಾರಿ ಗೊತ್ತಿದ್ದವನನ್ನೇ ಕಳಿಸಿ.’

ಹಾಗಾಗಿ ಈಗ ಇಡೀ ಪ್ರೋಗ್ರಾಮಿಗೆ ಒಬ್ಬನೇ.
ಎಲ್ಲಕ್ಕಿಂತ ಮೇಲೆ, ಲೂಪಿನ ಹೊರಗೆ, ಒಮ್ಮೆ ಹುಟ್ಟಿದವನು.
ತೆರೆದ ಬಾಗಿಲಲ್ಲೇ ಮತ್ತೆ ಮತ್ತೆ ಹೋಗಿ ಬರುತ್ತಾನೆ,
ಬೇಸರವಿಲ್ಲ, ಎಲೆಯಡಿಕೆಯೂ ಬೇಡ.

ಐದು ಗಂಟೆ. ರನ್ ಒತ್ತಿದೆ.
ಇನ್ನೂರು ಎಂದ. ಅಂದರೆ ಸಿಕ್ಕಿತು.
ಎರಡು ಆನೆ ಕೆರೆ ಬದಿ, ಮೂರು ಕಾಡೊಳಗೆ,
ಒಂದು ಹೊಳೆಯಾಚೆ ದಾಟಿದೆ.
ಏಳನೆಯದರ ಎದುರು ಏನೂ ಇಲ್ಲ.
ಸೊನ್ನೆಯೂ ಇಲ್ಲ.

ಆರರ ಸಂದೇಶ ತಾನಾಗಿ ಹೋಯಿತು.
ಏಳನೆಯದಕ್ಕೆ ‘ಗೊತ್ತಿಲ್ಲ’ ಅಂತ ಟೈಪಿಸಿದವಳು
ಅಳಿಸಿದೆ. ಬೊಳ್ಳಿಗೆ ಓದಲು ಬಾರದು.
ನಾನೇ ಫೋನು ಹಚ್ಚಿದೆ.

ರಿಂಗಾಗುತ್ತಿದೆ.
ಹತ್ತು ಸೆಕೆಂಡು ಕಳೆಯಿತು.
ನಾನು ಇಡುವುದಿಲ್ಲ.