ಮೈಗೆ ಹತ್ತೂದು

ಅಂಬೂಬಾಯಿ ರಕ್ತ ಎಂಟರ ಮ್ಯಾಲ ಏರವಲ್ದು.
ಮೂರು ತಿಂಗಳಾತು, ಕಬ್ಬಿಣದ ಗುಳಿಗಿ ದಿನಾ ಒಂದು,
ನಾನ ಕೊಡತೀನಿ, ನನ್ನ ಕೈಯಾರೆ,
ನಸುಕಿನ್ಯಾಗ, ಮೊದಲನೇ ಚಾದ ಜೋಡಿ.
ಕಟ್ಟಾ ಚಾ, ಶುಂಠಿ ಜಜ್ಜಿದ್ದು.
ಮಗ್ಗಕ್ಕ ಕೂಡೂಕಿಂತ ಮೊದಲು
ಆಕಿಗೆ ನನ್ನ ಕೈ ಚಾ ಆಗಬೇಕು,
ನಲವತ್ತು ವರ್ಷದ ರೂಢಿ.

ಬೆಟಗೇರಿ ಬಸ್ ಸ್ಟ್ಯಾಂಡಿನ ಮುಂದ
ಔಷಧದಂಗಡಿ ಹುಡುಗಿ ಚೀಟಿ ನೋಡಿ ಕೇಳಿದ್ಲು:
"ಅಜ್ಜಾ, ಗುಳಿಗಿ ಯಾತರ ಜೋಡಿ ನುಂಗತಾರ ಅಜ್ಜಿ?"
ಹೇಳಿದೆ.
ಕತ್ರಿ ಕೆಳಗಿಟ್ಲು.
"ಚಾದಾಗಿನ ಒಗರು ಕಬ್ಬಿಣಾನ ಹಿಡಕೊಂಡ ಬಿಡತೈತಿ ಅಜ್ಜಾ,
ಕರುಳು ಒಳಗ ತಗೊಳ್ಳಂಗಿಲ್ಲ."

ಮುಂದಿಂದು ನನಗ ಕೇಳಿಸಲಿಲ್ಲ.
ಅಪ್ಪನ ಬಣ್ಣದ ಕ್ವಾಣಿ ಕಣ್ಣಿಗೆ ಬಂತು:
ಒಂದು ಹಂಡ್ಯಾಗ ಅಳಲೆಕಾಯಿ ಕುದಿಸಿದ ನೀರು,
ಥೇಟ ಚಾದ ಬಣ್ಣ.
ಮೂಲ್ಯಾಗ ಬೆಲ್ಲದ ನೀರಾಗ ಕೊಳತಿದ್ದ ತುಕ್ಕು ಮೊಳಿ, ಲಾಳ.
ಎರಡೂ ಕೂಡಿದ್ದ ತಡ,
ಬಿಳಿ ಲಡಿ ಕಾಗಿ ಆಗತಿತ್ತು.
"ಒಗರು ಕಬ್ಬಿಣ ಒಮ್ಮೆ ಕೈ ಹಿಡದ್ರ
ಬಿಡಸೂದು ಭಾಳ ಕಠಿಣ" ಅಂತಿದ್ದ ಅಪ್ಪ,
ಮದುವಿ ಮಾಡಿಸಿದವರಂಗ ಮೀಸಿ ತಿರುವಿ.

ಅಂದ್ರ ಮೂರು ತಿಂಗಳು
ಆಕಿ ಹೊಟ್ಟ್ಯಾಗ ನಾ ಕರಿ ಬಣ್ಣ ಕಾಸೀನಿ.
ಗುಳಿಗಿ ಕರಗಿಲ್ಲ ಅಂತಲ್ಲ,
ಕರಗೇತಿ, ಕರುಳಿನ ಬಾಗಲಾ ತನಕ ಹೋಗೇತಿ,
ಅಲ್ಲಿ ನನ್ನ ಚಾ ಕೈ ಹಿಡಕೊಂಡು
ಒಳಗ ಹೋಗದ ಹಂಗ ಮುಂದ ನಡದೈತಿ.
ಎದ್ದಿದ್ದೆಲ್ಲಾ ನೂಲಿಗೆ ಇಳಿಯಂಗಿಲ್ಲ,
ಗಂಜಿ ಉಳದ ಲಡಿ ಎಷ್ಟು ಮುಳುಗಿಸಿದ್ರೂ ಒಣಾನ.
ಇದು ಗೊತ್ತಿದ್ದಾವ ನಾನ.
ಗೊತ್ತಿದ್ದದ್ದು ಕೈಯಾಗ ಇತ್ತು,
ಅಡಿಗಿ ಮನಿ ತನಕ ಬಂದಿರಲಿಲ್ಲ.

"ಲಿಂಬಿಹಣ್ಣು?" ಅಂದೆ.
ಹುಡುಗಿ ನಕ್ಲು: "ಹೌದು! ಅದು ಛಲೋ. ನಿಮಗ ಹೆಂಗ ಗೊತ್ತು?"
ತುಕ್ಕಿನ ಕಲಿ ಬಿಡಸಾಕ ಮತ್ಯಾತರ್ಲೆ ತಿಕ್ಕತೀವಿ, ಯವ್ವಾ.

ಈಗ ನಸುಕಿನ್ಯಾಗ ಲಿಂಬಿ ನೀರು, ಗುಳಿಗಿ.
ಚಾಕ್ಕ ಎರಡು ತಾಸು.
ಅಂಬೂಬಾಯಿ ಮಾರಿ ಕಿವಚಿ ಕುಡೀತಾಳ,
ಖಾಲಿ ಕಪ್ಪು ನನ್ನ ಕಡೆ ಸರಸತಾಳ,
ನಾ ಒಲಿ ಹಚ್ಚಂಗಿಲ್ಲ.
ಗಡಿಯಾರದ ಕೆಳಗ ಇಬ್ರೂ ಸುಮ್ಮನ ಕೂಡತೀವಿ,
ಬಾಜೂ ಮನಿ ಮಗ್ಗ ಶುರು ಆಗೂ ತನಕ.
ಆಕಿ ಉಗುರು ನೋಡತೀನಿ. ಬಿಳಿ, ಇನ್ನೂ ಬಿಳಿ.
ಆಕಿ ನನ್ನ ಕೈ ಎಳಕೊಂಡು
ನಿನ್ನಿ ಎದ್ದಿದ ನೀಲಿ
ಉಗುರಿನ ಸಂದ್ಯಾಗ ಕೂತದ್ದು ತೋರಸತಾಳ:
"ನಿಮಗ ನೋಡ್ರಿ,
ಎಲ್ಲಾ ಹತ್ತತೈತಿ."