ಹನ್ನೊಂದು ನಿಮಿಷ

ಹಾಸನದ ಬಿ.ಎಂ. ರಸ್ತೆ, ಶೀತಗೃಹದ ಗೇಟು.
ಮಂಚಯ್ಯ ಕೇಳುವುದು ಎರಡೇ ಪ್ರಶ್ನೆ:
ಯಾರು ನೀನು,
ಯಾವ ಕೆಲಸಕ್ಕೆ ಬಂದೆ.

ಮೊದಲನೆಯದಕ್ಕೆ ಗುರುತಿನ ಚೀಟಿ ಸಾಕಾಯಿತು.
ಎರಡನೆಯದಕ್ಕೆ ಮಾಲೀಕರಿಂದ ಫೋನು ಮಾಡಿಸಬೇಕಾಯಿತು.
ಮೂರನೇ ಕೋಣೆಗೆ ಮಾತ್ರ, ಎಂದು ಬರೆದುಕೊಂಡ.
ಗಡ್ಡೆ ಮುಟ್ಟಂಗಿಲ್ಲ, ಎಂದೂ ಹೇಳಿದ.

ಒಳಗೆ ಜಲಂಧರದ ಲಾರಿಯಲ್ಲಿ ಬಂದ ಬಿತ್ತನೆ ಆಲೂಗಡ್ಡೆ,
ಗೋಣಿಯ ಮೇಲೆ ಗೋಣಿ, ಕತ್ತಲೆಯಲ್ಲಿ ಒಂದು ಕಣ್ಣೂ ಬಿಡದೆ.
ಗೋಡೆಗೆ ನಾಲ್ಕು ಸೆನ್ಸರ್, ಮೂಲೆಗೊಂದು ಪುಟ್ಟ ಪೆಟ್ಟಿಗೆ.
ಅದು ಐದು ನಿಮಿಷಕ್ಕೊಮ್ಮೆ ಚಳಿ ಅಳೆದು
ಕ್ಲೌಡಿಗೆ ಒಪ್ಪಿಸಬೇಕು.
ಅದು ಆಕಾಶದ ಮೋಡವಲ್ಲ ಎಂದೆ.
ಹಂಗಾರೆ ಯಾರ್ ಮನೆ, ಅಂದ ಮಂಚಯ್ಯ.
ಬಾಡಿಗೆ ಮನೆ. ಯಾರದೋ. ದೂರದ್ದು.

ಮೊದಲು ಪ್ರಾಜೆಕ್ಟಿನ ಹೆಸರು.
ಹಾಸನ ಆಲೂ ಎಂದು ತುಂಬಿದೆ. ಅಂಥದ್ದಿಲ್ಲ, ಅಂತು.
ಕರೆಯುವ ಹೆಸರು ಬೇರೆ, ದಾಖಲೆಯ ಹೆಸರು ಬೇರೆ.
ಪೆನ್ಷನ್ ಮೊಹಲ್ಲಾದಲ್ಲಿ ನಾನು ಮುನ್ನಿ;
ಮುನ್ನಿಯ ಹೆಸರಿಗೆ ಒಂದು ಸಿಮ್ ಕೂಡ ಸಿಗುವುದಿಲ್ಲ.
ಹುಡುಕಿ ಹಾಕಿದೆ,
ಬಾಲಕ್ಕೆ ಅಂಟಿದ ಆರು ಅಂಕಿ ಸಮೇತ.

ಆಮೇಲೆ ಕೀಲಿ.
ಕೀಲಿಯೆಂದರೆ ಒಂದು ಫೈಲು, ಒಳಗೆ
ಯಾವ ಬಾಯಿಗೂ ಹೊಂದದ ಅಕ್ಷರಗಳ ಸಾಲು ಸಾಲು.
ನನಗಿಂತ ಮುಂಚೆ ಬಂದ ಹುಡುಗ ಅದನ್ನು
ಪ್ರೋಗ್ರಾಮಿನ ಹೊಟ್ಟೆಗೇ ಅಂಟಿಸಿ ಹೋಗಿದ್ದ,
ಬೀಗದಕೈಯನ್ನು ಬಾಗಿಲಿಗೇ ಮೊಳೆ ಹೊಡೆದಂತೆ.
ಕಿತ್ತೆ. ರದ್ದು ಮಾಡಿದೆ. ಹೊಸದು ಮಾಡಿಸಿ
ಬೇರೊಂದು ಫೋಲ್ಡರಿನಲ್ಲಿಟ್ಟು
ಯಂತ್ರದ ಕಿವಿಯಲ್ಲಿ ಕೀಲಿಯನ್ನಲ್ಲ,
ಕೀಲಿ ಇಟ್ಟ ಜಾಗವನ್ನಷ್ಟೇ ಉಸುರಿದೆ.
ಅಮ್ಮಿ ಪಕ್ಕದ ಮನೆಗೆ ಹೇಳಿಹೋಗುತ್ತಿದ್ದಳಲ್ಲ:
ಮೀಟರ್ ಡಬ್ಬಿಯ ಮೇಲಿದೆ, ಮುನ್ನಿ ಬಂದರೆ ಹೇಳಿ.

ಇನ್ನು ಅನುಮತಿ.
ಬರೆಯುವುದಕ್ಕೆ ಮಾತ್ರ ಟಿಕ್ ಹಾಕಿದೆ.
ಓದುವುದಕ್ಕೆ ಇಲ್ಲ. ಅಳಿಸುವುದಕ್ಕಂತೂ ಇಲ್ಲ.
ತಾನು ಬರೆದದ್ದನ್ನು ತಾನೇ ಓದಲಾರದ ಪೆಟ್ಟಿಗೆ.
ಬೆರಳು ಯಾಕೋ ತಡೆಯಿತು:
ಹೊರಗೆ ಜಗಲಿಯಲ್ಲಿ ಗಡ್ಡೆ ಆರಿಸುವ ಜವರಮ್ಮ
ಶನಿವಾರ ಶನಿವಾರ ಕೂಲಿ ಪುಸ್ತಕಕ್ಕೆ ರುಜು ಹಾಕುತ್ತಾಳೆ.
ಎಷ್ಟಕ್ಕೆ ಹಾಕಿದೆ ಎಂದು
ಯಾರಾದರೂ ಓದಿ ಹೇಳಬೇಕು.
ಪೆಟ್ಟಿಗೆಯದು ಭದ್ರತೆಯ ನಿಯಮ.
ಅವಳದಕ್ಕೆ ಏನೆನ್ನುತ್ತಾರೋ ನನ್ನ ಕೈಪಿಡಿಯಲ್ಲಿಲ್ಲ.

ಓಡಿಸಿದೆ. ಆಗದು ಅಂತು.
ಮತ್ತೆ ಓಡಿಸಿದೆ. ನಿನ್ನ ಚೀಟಿ ಒಪ್ಪುವುದಿಲ್ಲ, ಅಂತು.
ಹೆಸರು ಸರಿ, ಕೀಲಿ ಸರಿ, ದಾರಿಯಲ್ಲಿ ಒಂದು ಗೆರೆಯೂ ತಪ್ಪಿಲ್ಲ.
ಲೈಬ್ರರಿಯನ್ನೇ ಕಿತ್ತು ಮತ್ತೆ ಇಳಿಸಿದೆ.
ಬೆರಳ ತುದಿ ಮರಗಟ್ಟಿತು,
ಸ್ಕಾರ್ಫಿನೊಳಗೆ ಕಿವಿ ಮಾತ್ರ ಬಿಸಿ.
ನಾನು ನಾನೇ ಎಂದು
ಇನ್ನೆಷ್ಟು ಸಲ ಹೇಳುವುದು?

ಟೀ ಹಿಡಿದು ಬಂದ ಮಂಚಯ್ಯ
ಪರದೆಯ ಮೂಲೆ ನೋಡಿದ. ಕೈಗಡಿಯಾರ ನೋಡಿದ.
"ನಿನ್ ಪೆಟ್ಗೆ ಹನ್ನೊಂದ್ ನಿಮಿಷ ಮುಂದೈತಲ್ಲವ್ವ.
ಇನ್ನೂ ಬರೀದೆ ಇರೋ ಚೀಟಿ ತಂದ್ರೆ
ನಾನೇ ಬಿಡಾಕಿಲ್ಲ, ಅವರ್ ಬಿಟ್ಟಾರಾ?"

ಹೌದು. ಚೀಟಿಯ ಮೇಲೆ ಹೊತ್ತು ಬರೆಯುವುದು ಪೆಟ್ಟಿಗೆ.
ಆ ಹುಡುಗ ಅದರ ಹೊತ್ತನ್ನು
ಆಫೀಸಿನ ಗೋಡೆ ಗಡಿಯಾರ ನೋಡಿ ಇಟ್ಟಿದ್ದ.
ಗೋಡೆಯದನ್ನು ಯಾರು ಮುಂದಿಟ್ಟರು?
ಮಂಚಯ್ಯ ಟೀ ಊದಿದ.
"ಆಳ್‌ಗೋಳ್ ಬರಾಕೆ ಆ ಗಡಿಯಾರ.
ಹೋಗಾಕೆ ಮೇಸ್ತ್ರಿ ಕೈಯಾಗಿಂದು."

ಪೆಟ್ಟಿಗೆಯನ್ನು ಹನ್ನೊಂದು ನಿಮಿಷ ಹಿಂದಕ್ಕೆ ತಂದೆ.
ಮುಂದಿನ ಉಸಿರಿಗೆ ಬಾಗಿಲು ತೆಗೆಯಿತು.
ಮೂರೂವರೆ ಡಿಗ್ರಿ, ಮೂರನೇ ಕೋಣೆ, ಐದು ಐವತ್ತು:
ಎಲ್ಲಿಯೋ ದೂರದಲ್ಲಿ ಒಂದು ಸಾಲು ಬಿತ್ತು.

ಆಫೀಸನ್ನು ಹಾದು ಬರುವಾಗ ಗೋಡೆಯ ಮುಳ್ಳು
ಆರು ದಾಟಿತ್ತು. ಸ್ಟೂಲು ಹತ್ತಿರದಲ್ಲೇ ಇತ್ತು.
ನನ್ನ ಚೀಟಿ ಮೂರನೇ ಕೋಣೆಗೆ ಮಾತ್ರ.

ಜಗಲಿಯಲ್ಲಿ ಜವರಮ್ಮ ಇನ್ನೂ ಆರಿಸುತ್ತಿದ್ದಳು,
ಕೊಳೆತದ್ದು ಎಡಕ್ಕೆ, ಮೊಳೆತದ್ದು ಬಲಕ್ಕೆ.
ಗೇಟಿನ ಪುಸ್ತಕದಲ್ಲಿ ಹೊರಟ ವೇಳೆ ಬರೆಯುವಾಗ ಕೇಳಿದೆ,
ಯಾವ ಗಡಿಯಾರದ್ದು ಬರೆಯಲಿ?
"ನಿಂದೇ ಬರ್ಕೊ," ಅಂದ ಮಂಚಯ್ಯ,
"ನಿಂಗ್ಯಾರ್ ಕೂಲಿ ಹಿಡೀತಾರೆ."